ತಲೆಯ ಗಾಯಕ್ಕೆ ತೊಡೆಯ ತೇಪೆ ಯಾಕೆ?

ಪ್ರಶ್ನೆ: ನಾವು ಗಂಗಾವತಿ ಹತ್ತಿರದ ಹಳ್ಳಿಯವರು. ಎರಡು ವಾರದ ಹಿಂದೆ ತಮ್ಮ ಬೈಕಿನಿಂದ ಬಿದ್ದು ಹಣೆಯ ಎಲುಬು ಒಡೆದುಕೊಂಡ. ಈಗಲೂ ಬಗ್ಗಿದರೆ ಮೂಗಿನಿಂದ ನೀರು ತೊಟ್ಟಿಕ್ಕುತ್ತದೆ. ಮೆದುಳಿನ ಪೊರೆ ಹರಿದಿದೆ, ತೊಡೆಯಿಂದ ತುಂಡು ತೆಗೆದು ತೇಪೆ ಹಾಕಬೇಕು ಅಂದಿದ್ದಾರೆ. ರೆಡಿಮೇಡ್ ತೇಪೆ ಸಿಗುತ್ತದಂತಲ್ಲ ಸರ್? ತೊಡೆ ಕೊಯ್ದರೆ ಮುಂದೆ ಭತ್ತದ ಗದ್ದೆಗೆ ಇಳಿಯಬಲ್ಲನೇ?

ಉತ್ತರ: ಇಳಿಯಬಲ್ಲ. ತೆಗೆಯುವುದು ಸ್ನಾಯುವನ್ನಲ್ಲ, ಅದರ ಮೇಲೆ ಬಿಗಿಯಾಗಿ ಹೊದ್ದಿರುವ ಬಿಳಿ ಪೊರೆಯನ್ನು. ಇದಕ್ಕೆ ಫೇಶಿಯಾ ಲೇಟಾ ಎನ್ನುತ್ತೇವೆ. ಕೆಲವು ದಿನ ನಡೆಯುವಾಗ ನೋಯುತ್ತದೆ. ಕೆಲವರಿಗೆ ಆ ಜಾಗ ತುಸು ಉಬ್ಬಿದಂತೆ ಕಾಣಬಹುದು.

ಮೆದುಳಿನ ಹೊರಪೊರೆ, ಅಂದರೆ ಡ್ಯೂರಾ, ಇಂಥದೇ ಗಟ್ಟಿ ನಾರಿನದು. ಎಷ್ಟೋ ಸಲ ನೆತ್ತಿಯ ಚರ್ಮದಡಿ ಬುರುಡೆಗೆ ಅಂಟಿಕೊಂಡಿರುವ ಪೊರೆಯೇ ಸಾಕಾಗುತ್ತದೆ, ಎರಡನೇ ಗಾಯ ಬೇಕಿಲ್ಲ. ನಿಮ್ಮ ತಮ್ಮನಿಗೆ ಪೆಟ್ಟಿನಲ್ಲಿ ಅದೂ ಹರಿದಿರಬಹುದು. ಡಾಕ್ಟರನ್ನು ಕೇಳಿ, ಸಂಕೋಚ ಬೇಡ.

ರೆಡಿಮೇಡ್ ತೇಪೆಗಳಿವೆ, ಕೆಟ್ಟವೇನಲ್ಲ. ಆದರೆ ಅದಕ್ಕೆ ದುಡ್ಡು ಬೇಕು. ಸ್ವಂತ ಪೊರೆ ಪುಕ್ಕಟೆ, ಮೈ ಅದನ್ನು ಪರಕೀಯವೆಂದು ದೂರ ತಳ್ಳುವುದಿಲ್ಲ. ಹಿಂದೆ ಶವಗಳಿಂದ ತೆಗೆದು ಸಂಸ್ಕರಿಸಿದ ಡ್ಯೂರಾ ಬಳಸುತ್ತಿದ್ದರು. ಅದರಿಂದ ಕ್ರಾಯ್ಟ್ಸ್‌ಫೆಲ್ಟ್-ಯಾಕೊಬ್ ಎಂಬ ಮಾರಕ ಮೆದುಳುರೋಗ ಅಂಟಿದ್ದು 1987ರಲ್ಲಿ ಬೆಳಕಿಗೆ ಬಂತು. ಜಪಾನಿನಲ್ಲಂತೂ ಬಹಳ ಜನ ಬಲಿಯಾದರು.

ಸೈಕಲ್ ಪಂಕ್ಚರ್ ಅಂಗಡಿ ನೆನಪಿಸಿಕೊಳ್ಳಿ. ತೂತಿಗಿಂತ ದೊಡ್ಡ ತೇಪೆ ಹಚ್ಚಿ, ಗಾಳಿ ತುಂಬಿ, ಟ್ಯೂಬನ್ನು ನೀರಿನಲ್ಲಿ ಅದ್ದಿ ನೋಡುತ್ತಾರಲ್ಲ? ನಮ್ಮದೂ ಹಾಗೇ. ತೇಪೆ ಕೂರಿಸಿದ ಮೇಲೆ ಅರಿವಳಿಕೆ ವೈದ್ಯರು ಶ್ವಾಸಕೋಶದಲ್ಲಿ ಗಾಳಿಯ ಒತ್ತಡ ಏರಿಸುತ್ತಾರೆ, ಆಗ ತಲೆಯೊಳಗಿನ ಒತ್ತಡವೂ ಏರುತ್ತದೆ. ಎಲ್ಲಾದರೂ ನೀರು ಜಿನುಗುತ್ತದೋ ಎಂದು ನಾವು ನೋಡುತ್ತೇವೆ.

ನನಗೆ ಚಿಂತೆ ತೊಡೆಯದಲ್ಲ, ಮೂಗಿನಿಂದ ತೊಟ್ಟಿಕ್ಕುವ ಆ ನೀರಿನದು. ಮೆದುಳಿನ ಸುತ್ತಲಿನ ಈ ದ್ರವ ದಿನಕ್ಕೆ ಸುಮಾರು ಅರ್ಧ ಲೀಟರ್ ಹೊಸದಾಗಿ ಹುಟ್ಟುತ್ತದೆ, ಹಾಗಾಗಿ ಸೋರಿ ಬರಿದಾಗುವುದಿಲ್ಲ. ಆದರೆ ಅದು ಹೊರಬರುವ ದಾರಿಯಲ್ಲೇ ರೋಗಾಣು ಒಳಹೋಗುತ್ತದೆ. ಪೆಟ್ಟಿನ ಸೋರಿಕೆ ಎಷ್ಟೋ ಜನರಿಗೆ ಒಂದು ವಾರದೊಳಗೆ ತಾನಾಗೇ ನಿಲ್ಲುತ್ತದೆ. ಎರಡು ವಾರವಾದರೂ ನಿಂತಿಲ್ಲವೆಂದರೆ ಭತ್ತದ ನಾಟಿ ಮುಗಿಯಲಿ ಎಂದು ಕಾಯಬೇಡಿ. ಜ್ವರ, ತಲೆನೋವಿನ ಜೊತೆ ಕುತ್ತಿಗೆ ಸೆಟೆದರೆ ಆ ರಾತ್ರಿಯೇ ಆಸ್ಪತ್ರೆಗೆ ಹೊರಡಿ.

ಅಲ್ಲಿಯವರೆಗೆ ಮೂಗಿಗೆ ಎಣ್ಣೆ ಬಿಡಬೇಡಿ, ಹತ್ತಿ ತುರುಕಬೇಡಿ. ಆಪರೇಷನ್ ಆದ ಮೇಲೂ ಡಾಕ್ಟರು ಹೇಳುವತನಕ ಚೀಲ ಎತ್ತುವುದು, ಮೂಗು ಸೀಟುವುದು, ಮಲಕ್ಕೆ ತಿಣುಕುವುದು ಬೇಡ. ಸೀನು ಬಂದರೆ ತಡೆಯದೆ ಬಾಯಿ ತೆರೆದು ಸೀನಲಿ.