ಮಹಡಿ ಮನೆಗೆ ಜರ್ಮನಿಯವರು ಬಂದರೆ

ಪ್ರಶ್ನೆ: ಚಳ್ಳಕೆರೆಯಲ್ಲಿ ನಮ್ಮ ಮಹಡಿ ಮನೆಯನ್ನು ಜರ್ಮನಿಯವರೊಬ್ಬರು ಒಂದು ವರ್ಷಕ್ಕೆ ಬಾಡಿಗೆಗೆ ಕೇಳಿದ್ದಾರೆ. ಶೇಂಗಾ ಬೆಳೆಯ ಅಧ್ಯಯನವಂತೆ. ನಾವು ಏನೇನು ನೋಡಿಕೊಳ್ಳಬೇಕು?

ಉತ್ತರ: ಮೊದಲು ಕಾಗದಪತ್ರ. ಅವರು ನಿಮ್ಮ ಮನೆಗೆ ಬಂದಿಳಿದ 24 ಗಂಟೆಯೊಳಗೆ, ವಿದೇಶಿಯರು ಉಳಿದುಕೊಂಡಿರುವುದನ್ನು ಸರ್ಕಾರಕ್ಕೆ ತಿಳಿಸುವ ಫಾರಂ (ಮೊದಲು ‘ಸಿ ಫಾರಂ’, 2025ರಿಂದ ‘ಫಾರಂ 3’) ಆನ್‌ಲೈನ್‌ನಲ್ಲಿ ತುಂಬಬೇಕು. ಅದು ಮನೆ ಮಾಲೀಕರಾದ ನಿಮ್ಮ ಹೊಣೆ, ಅವರದಲ್ಲ. ಪಾಸ್‌ಪೋರ್ಟ್, ವೀಸಾ ಪ್ರತಿ ಮೊದಲೇ ತರಿಸಿಕೊಳ್ಳಿ. ವೀಸಾ 180 ದಿನಕ್ಕಿಂತ ಹೆಚ್ಚಿನ ಅವಧಿಯದಾಗಿದ್ದರೆ, ಭಾರತಕ್ಕೆ ಬಂದ 14 ದಿನದೊಳಗೆ ವಿದೇಶಿಯರ ನೋಂದಣಿ ಕಚೇರಿಯಲ್ಲಿ ನೋಂದಣಿ ಮಾಡಿಸುವುದು ಅವರ ಕೆಲಸ. ಆಗ ನಿಮ್ಮ ಬಾಡಿಗೆ ಕರಾರನ್ನೂ ಕೇಳುತ್ತಾರೆ. ಬಾಯಿಮಾತಿನ ಬಾಡಿಗೆ ಇಲ್ಲಿ ನಡೆಯದು.

ನಿಜವಾದ ತಲೆನೋವು ನೀರು. ಜಿಲ್ಲೆಯ ಅನೇಕ ಬೋರ್‌ವೆಲ್‌ಗಳಲ್ಲಿ ಫ್ಲೋರೈಡ್ ಹೆಚ್ಚು, ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಕುಡಿಯಲು ಯೋಗ್ಯವಲ್ಲ. ಹೊರಗಿನಿಂದ ಬಂದವರು ‘ಕುದಿಸಿದರೆ ಸಾಕು’ ಎಂದುಕೊಳ್ಳುತ್ತಾರೆ. ಕುದಿಸಿದರೆ ಕ್ರಿಮಿ ಸಾಯುತ್ತದೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದರ ಪ್ರಮಾಣ ಏರುತ್ತದೆ. ಕುಡಿಯುವುದಕ್ಕಷ್ಟೇ ಅಲ್ಲ, ಅನ್ನ ಸಾರಿಗೂ ಆರ್‌ಓ ನೀರೇ ಇರಲಿ. ಗಡಸು ನೀರಲ್ಲಿ ತೊಗರಿಬೇಳೆ ಎಷ್ಟು ಕೂಗಿಸಿದರೂ ಕಾಳುಕಾಳಾಗಿಯೇ ಉಳಿಯುವುದು ನಿಮಗೆ ಗೊತ್ತೇ ಇದೆ! ನೀರಲ್ಲಿ ಕರಗಿದ ಲವಣಗಳ ಒಟ್ಟು ಪ್ರಮಾಣ ಅಳೆಯುವ ಟಿಡಿಎಸ್ ಮೀಟರ್ ಫ್ಲೋರೈಡನ್ನು ಬೇರೆಯಾಗಿ ತೋರಿಸುವುದಿಲ್ಲ, ಒಮ್ಮೆ ಪ್ರಯೋಗಾಲಯದಲ್ಲೇ ಪರೀಕ್ಷೆ ಮಾಡಿಸಿ.

ಸ್ನಾನಕ್ಕೆ ಬೋರ್‌ವೆಲ್ ನೀರು ಸಾಕು. ಆದರೆ ಗೀಸರ್ ಕಾಯಿಲ್ ಮೇಲೆ ಸುಣ್ಣದಂಥ ಬಿಳಿ ಪದರ ಕಟ್ಟಿ, ನೀರು ಬಿಸಿಯಾಗುವುದು ನಿಧಾನವಾಗುತ್ತದೆ, ಕೊನೆಗೆ ಕಾಯಿಲ್ ಸುಟ್ಟೇ ಹೋಗುತ್ತದೆ. ಆರು ತಿಂಗಳಿಗೊಮ್ಮೆ ಬಿಚ್ಚಿಸಿ, ನಿಂಬೆ ಉಪ್ಪಿನ (ಸಿಟ್ರಿಕ್ ಆಮ್ಲದ) ನೀರಲ್ಲಿ ನೆನೆಹಾಕಿಸಿ ತೊಳೆಸಿ.