ಓದುಗರ ಪ್ರಶ್ನೆ: ಮಾಯಾಲೋಕದ ಕಥೆಗಳನ್ನು ಮಕ್ಕಳಿಗೆ ಆರಿಸುವುದು ಹೇಗೆ?

ಪ್ರಶ್ನೆ: ನಮ್ಮದು ಕಾಫಿ ತೋಟದೊಳಗಿನ ಮನೆ. ಮಗಳಿಗೆ 13 ವರ್ಷ, ಮಗನಿಗೆ 9. ಮಳೆ ಜೋರಾಗಿ ಶಾಲೆಗೆ ರಜೆ ಕೊಟ್ಟಾಗ, ಕರೆಂಟೂ ಇಲ್ಲದ ದಿನಗಳಲ್ಲಿ ಇಬ್ಬರೂ ಪುಸ್ತಕ ಹಿಡಿದು ಕೂರುತ್ತಾರೆ. ಅಕ್ಕ ಓದುವ ಮಾಂತ್ರಿಕರ ಕಥೆಗಳನ್ನೇ ಓದಲು ಹೋದ ಮಗ ಈಗ ಒಬ್ಬನೇ ಮಲಗಲು ಹೆದರುತ್ತಾನೆ. ಇಂಥ ಸುಳ್ಳು ಕಥೆಗಳೇ ಬೇಡ ಎನ್ನುತ್ತಾರೆ ಮಾವನವರು. ನಾನು ಏನು ಮಾಡಲಿ?
– ಒಬ್ಬ ತಾಯಿ, ವಿರಾಜಪೇಟೆ ತಾಲ್ಲೂಕು

ಉತ್ತರ: ಮೊದಲು ಮಗನನ್ನು ಹಗಲು ಹೊತ್ತಿನಲ್ಲಿ ಪಕ್ಕದಲ್ಲಿ ಕೂರಿಸಿಕೊಂಡು, ಯಾವ ಪುಟದಲ್ಲಿ ಹೆದರಿಕೆಯಾಯಿತೆಂದು ಕೇಳಿ, ಅಲ್ಲಿಂದ ಮುಂದಿನ ಭಾಗವನ್ನು ನೀವೇ ಗಟ್ಟಿಯಾಗಿ ಓದಿ ಹೇಳಿ. ಅರ್ಧಕ್ಕೆ ನಿಂತ ಕಥೆ ಮುಗಿದ ಕಥೆಗಿಂತ ಹೆಚ್ಚು ಕಾಡುತ್ತದೆ.

ಹೆದರಿದನೆಂಬ ಕಾರಣಕ್ಕೆ ಮಾಯಾಲೋಕದ ಕಥೆಗಳನ್ನೇ ಮನೆಯಿಂದ ಹೊರಗಿಡಬೇಕಾಗಿಲ್ಲ. ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯನ್ನು ಕನ್ನಡದ ಮಕ್ಕಳು ತಲೆಮಾರುಗಳಿಂದ ಹಾಡಿ ಕುಣಿದಿದ್ದಾರೆ. ಅದರ ಕಥೆಯೇನೂ ಹಗುರವಾದದ್ದಲ್ಲ; ಇಲಿಗಳ ಕಾಟ ತಪ್ಪಿಸಿದವನಿಗೆ ಕೊಡುವುದಾಗಿ ಒಪ್ಪಿದ ಹಣವನ್ನು ಗೌಡ ಕೊಡದೆ ಹೋದಾಗ, ಊರಿನ ಮಕ್ಕಳೇ ಜೋಗಿಯ ಹಿಂದೆ ಹೊರಟುಹೋಗುತ್ತಾರೆ. ಮಕ್ಕಳು ಇದನ್ನು ತಾಳಿಕೊಳ್ಳುವುದು, ಕೇಡಿಗೆ ಕಾರಣವೇನೆಂಬುದು ಅವರಿಗೆ ಸ್ಪಷ್ಟವಾಗಿ ಕಾಣುವುದರಿಂದ ಮತ್ತು ಪದ್ಯದ ಲಯ ಅವರನ್ನು ಕೈಹಿಡಿದು ನಡೆಸುವುದರಿಂದ. ಹಾಗಾಗಿ ಪುಸ್ತಕದಲ್ಲಿ ಭಯ ಇದೆಯೇ ಎಂದು ನೋಡುವುದಕ್ಕಿಂತ, ಆ ಭಯವನ್ನು ದಾಟಲು ಲೇಖಕರು ಮಗುವಿಗೆ ಏನನ್ನು ಕೊಟ್ಟಿದ್ದಾರೆ ಎಂದು ನೋಡುವುದೇ ಸರಿಯಾದ ಪರೀಕ್ಷೆ ಎಂಬುದು ನನ್ನ ದೃಢ ಅಭಿಪ್ರಾಯ.

ನಿಮ್ಮ ಮನೆಯಲ್ಲಿರುವುದು ಹ್ಯಾರಿ ಪಾಟರ್ ಸರಣಿಯಾಗಿದ್ದರೆ ಒಂದು ವಿಷಯ ಗಮನಿಸಿ. ಅದರ ಏಳು ಸಂಪುಟಗಳು 1997ರಿಂದ 2007ರವರೆಗೆ ಬಿಡಿಬಿಡಿಯಾಗಿ ಬಂದವು. ಮೊದಲ ಸಂಪುಟದಲ್ಲಿ ಹನ್ನೊಂದು ತುಂಬುವ ಹುಡುಗನಿಗೆ ಕೊನೆಯದರಲ್ಲಿ ಹದಿನೇಳಾಗುತ್ತದೆ. ಅಂದು ಓದಿದ ಮಕ್ಕಳೂ ಅವನ ಜೊತೆಯಲ್ಲೇ ಬೆಳೆದರು. ಇಂದಿನ ಮಗುವಿಗಾದರೋ ಏಳೂ ಒಂದೇ ಕಪಾಟಿನಲ್ಲಿ ಸಾಲಾಗಿ ಸಿಗುತ್ತವೆ. ನಾಲ್ಕನೆಯದರ ಕೊನೆಯಲ್ಲಿ ವಿದ್ಯಾರ್ಥಿಯೊಬ್ಬನ ಕೊಲೆಯಾಗುತ್ತದೆ, ಅಲ್ಲಿಂದ ಮುಂದೆ ಕಥೆಯ ಬಣ್ಣವೇ ಬೇರೆ. ಮಗನಿಗೆ ಸದ್ಯಕ್ಕೆ ಮೊದಲ ಎರಡು ಸಾಕು.

ಅವನಿಗೆ ಪಂಜೆಯವರ ಮಕ್ಕಳ ಕಥೆಗಳನ್ನೂ, ಇಂಗ್ಲಿಷಿನ ‘ಆಲಿಸ್ ಇನ್ ವಂಡರ್‌ಲ್ಯಾಂಡ್’ ಕಥೆಯನ್ನು ನಾ. ಕಸ್ತೂರಿಯವರು ಕನ್ನಡದ ಮಣ್ಣಿಗೆ ತಂದ ‘ಪಾತಾಳದಲ್ಲಿ ಪಾಪಚ್ಚಿ’ಯನ್ನೂ ಹುಡುಕಿ ಕೊಡಿ. ಇಂಗ್ಲಿಷ್ ಓದಿ ಹೇಳುವ ತಾಳ್ಮೆ ನಿಮಗಿದ್ದರೆ ಟೋಲ್ಕಿನ್ ಅವರ ‘ದಿ ಹಾಬಿಟ್’ ಒಳ್ಳೆಯದು. 1937ರಲ್ಲಿ ಅಚ್ಚಾಗುವ ಮುನ್ನ ಅದರ ಹಸ್ತಪ್ರತಿಯನ್ನು ಪ್ರಕಾಶಕರು ತಮ್ಮ ಹತ್ತು ವರ್ಷದ ಮಗನಿಗೆ ಓದಲು ಕೊಟ್ಟು, ಅವನ ಅಭಿಪ್ರಾಯ ಬರೆಸಿಕೊಂಡಿದ್ದರು. ಕಥೆ ಹೇಳುವವರ ಅಕ್ಕರೆಯ ದನಿ ಅದರಲ್ಲಿ ಉದ್ದಕ್ಕೂ ಕೇಳಿಸುತ್ತದೆ, ಭಯದ ಸನ್ನಿವೇಶಗಳಲ್ಲೂ ಆ ದನಿ ಮಗುವನ್ನು ಬಿಟ್ಟುಹೋಗುವುದಿಲ್ಲ. ಆದರೆ ಅದೇ ಲೇಖಕರದೆಂದು ‘ದಿ ಲಾರ್ಡ್ ಆಫ್ ದ ರಿಂಗ್ಸ್’ ಅನ್ನು ಬೆನ್ನಿಗೇ ತಂದುಕೊಡಬೇಡಿ. ಅದರ ಉದ್ದವೂ ಗಾಂಭೀರ್ಯವೂ ಬೇರೆ ವಯಸ್ಸಿಗೆ ಸೇರಿದ್ದು.

ಮಗಳಿಗೆ ಉರ್ಸುಲಾ ಲೆಗ್ವಿನ್ ಅವರ ‘ಎ ವಿಝರ್ಡ್ ಆಫ್ ಅರ್ತ್‌ಸೀ’ (1968) ಕೊಡಿಸಿ ಎಂದು ಒತ್ತಾಯವಾಗಿಯೇ ಹೇಳುತ್ತೇನೆ. ಗೆಡ್ ಎಂಬ ಪ್ರತಿಭಾವಂತ ಹುಡುಗ, ಸಹಪಾಠಿಯೆದುರು ತನ್ನ ಶಕ್ತಿ ತೋರಿಸಿಕೊಳ್ಳಲು ಹೋಗಿ ಕರೆಯಬಾರದ್ದನ್ನು ಕರೆಯುತ್ತಾನೆ. ಹಾಗೆ ಹೊರಬಿದ್ದ ನೆರಳು ಅವನನ್ನೇ ಬೆನ್ನಟ್ಟುತ್ತದೆ. ಕೊನೆಗೆ ತಿರುಗಿ ನಿಂತು ಅದನ್ನು ಎದುರಿಸಬೇಕಾದವನೂ ಅವನೇ. ಜಂಬ, ಅವಮಾನ, ಪಶ್ಚಾತ್ತಾಪಗಳೆಲ್ಲ ಹದಿಮೂರರ ವಯಸ್ಸಿಗೆ ಚೆನ್ನಾಗಿ ಗೊತ್ತಿರುವಂಥವು. ಮಂತ್ರಶಕ್ತಿಗೆ ಅಲ್ಲಿ ಬೆಲೆ ತೆರಬೇಕಾಗುತ್ತದೆ. ಹೊಸ ಪುಸ್ತಕ ಕೊಳ್ಳುವಾಗಲೂ ಇದನ್ನೇ ನೋಡಿ: ಮಂತ್ರ ಹಾಕಿದೊಡನೆ ಎಲ್ಲ ಕಷ್ಟವೂ ಕರಗಿಹೋಗುವ ಕಥೆಯಲ್ಲಿ ಯೋಚಿಸಲು ಹೆಚ್ಚೇನೂ ಉಳಿದಿರುವುದಿಲ್ಲ. ಹದಿಹರೆಯದವರಿಗೆಂದು ಅಂಗಡಿಯಲ್ಲಿ ಜೋಡಿಸಿಟ್ಟವುಗಳಲ್ಲಿ ಹದಿನೇಳು ಹದಿನೆಂಟರವರಿಗಾಗಿ ಬರೆದವೂ ಸೇರಿರುತ್ತವೆ. ರಕ್ಷಾಪುಟದಿಂದ ಅದು ತಿಳಿಯುವುದಿಲ್ಲವಾದ್ದರಿಂದ ನಡುವಿನ ಒಂದು ಅಧ್ಯಾಯವನ್ನಾದರೂ ಓದಿ ನೋಡಿ. ಬೇಡವೆನಿಸಿದರೆ ಬಚ್ಚಿಡದೆ, ಕಾರಣವನ್ನು ಮಗಳಿಗೆ ನೇರವಾಗಿ ಹೇಳಿ.

ಮಾವನವರ ಮಾತನ್ನು ತಳ್ಳಿಹಾಕಬೇಡಿ. ಅಗಸ್ತ್ಯರ ಕಮಂಡಲದಿಂದ ಕಾವೇರಿ ಹರಿದ ಕಥೆಯನ್ನು ಮೊಮ್ಮಕ್ಕಳಿಗೆ ಹೇಳುವ ಅಜ್ಜ ಅದನ್ನು ಸುಳ್ಳೆಂದು ಹೇಳುವುದಿಲ್ಲ. ಶ್ರದ್ಧೆಯ ಕಥೆಯನ್ನೂ ಕಾದಂಬರಿಯನ್ನೂ ನಾನು ಒಂದೇ ಎನ್ನುತ್ತಿಲ್ಲ. ಆದರೆ ಕಣ್ಣಿಗೆ ಕಾಣುವುದಷ್ಟೇ ಲೋಕವಲ್ಲ ಎಂಬ ಅರಿವು ಮಕ್ಕಳಿಗೆ ಮೊದಲು ಬರುವುದು ಇಂಥ ಹಿರಿಯರಿಂದಲೇ. ನಡಿಕೇರಿಯಂಡ ಚಿಣ್ಣಪ್ಪನವರು ಕೊಡವರ ಹಾಡು, ಗಾದೆ, ಸಂಪ್ರದಾಯಗಳನ್ನು ಸಂಗ್ರಹಿಸಿ 1924ರಲ್ಲಿ ಪ್ರಕಟಿಸಿದ ‘ಪಟ್ಟೋಲೆ ಪಳಮೆ’ಯನ್ನು ಅವರ ಕೈಗೆ ಕೊಟ್ಟು, ಅದರಿಂದ ಮಕ್ಕಳಿಗೆ ಹೇಳುವಂತೆ ಕೇಳಿಕೊಳ್ಳಿ.

ಎಲ್ಲವನ್ನೂ ಕೊಳ್ಳಬೇಕೆಂದಿಲ್ಲ, ನಿಮ್ಮ ಗ್ರಾಮ ಪಂಚಾಯಿತಿಯ ಗ್ರಂಥಾಲಯದಲ್ಲಿ ಇಬ್ಬರ ಹೆಸರನ್ನೂ ನೋಂದಾಯಿಸಿ, ಮಗನ ಪುಸ್ತಕವನ್ನು ಮಗನೇ, ಮಗಳ ಪುಸ್ತಕವನ್ನು ಮಗಳೇ ಆರಿಸಿ ತರಲು ಬಿಡಿ.