ಪಾಲಿಶ್ ಅಕ್ಕಿ, ತೌಡು ಮತ್ತು ಆರ್ಸೆನಿಕ್: ಮತ್ತೆ ಮತ್ತೆ ಬರುವ ಪ್ರಶ್ನೆಗಳು

ಪ್ರಶ್ನೆ: ಅಕ್ಕಿಯನ್ನು ಪಾಲಿಶ್ ಮಾಡಿಸಿದರೆ ಆರ್ಸೆನಿಕ್ ಹೋಗುತ್ತದೆಯೇ? ಪಾಲಿಶ್ ಮಾಡದ ಅಕ್ಕಿಯನ್ನು ಬಿಟ್ಟುಬಿಡಬೇಕೇ?

ಉತ್ತರ: ಇದನ್ನು ಕೇಳುವವರಲ್ಲಿ ಕೆಲವರು ಪಾಲಿಶ್ ಅಕ್ಕಿಯೇ ವಿಷವೆಂದೂ ಉಳಿದವರು ತೌಡುಳ್ಳ ಅಕ್ಕಿಯೇ ವಿಷವೆಂದೂ ಮೊದಲೇ ತೀರ್ಮಾನಿಸಿಕೊಂಡು, ನನ್ನಿಂದ ಮುದ್ರೆ ಒತ್ತಿಸಿಕೊಳ್ಳಲು ಬಂದಿರುತ್ತಾರೆ. ಆರ್ಸೆನಿಕ್ ಎಂಬ ವಿಷಕಾರಿ ಧಾತುವಿನ ಹೆಚ್ಚು ಅಪಾಯಕಾರಿ ರೂಪವಾದ ಅಜೈವಿಕ ಆರ್ಸೆನಿಕ್ (ಇಂಗಾಲದೊಂದಿಗೆ ಬೆಸೆಯದ್ದು) ಕಾಳಿನಲ್ಲಿ ಸಮನಾಗಿ ಹರಡಿರುವುದಿಲ್ಲ. ಅದರ ಸಾಂದ್ರತೆ ಹೊರಪದರದಲ್ಲಿ, ಅಂದರೆ ತೌಡಾಗಿ ಉದುರುವ ಭಾಗದಲ್ಲಿ, ಹೆಚ್ಚು. ಗಿರಣಿಯಲ್ಲಿ ಹೊಟ್ಟು ಬಿಡಿಸಿದ ಮಾತ್ರಕ್ಕೆ ಹೆಚ್ಚೇನೂ ಬದಲಾಗದು, ಕಡಿಮೆಯಾಗುವುದು ತೌಡು ತೆಗೆದ ಮೇಲೆಯೇ. ಆದ್ದರಿಂದಲೇ ಅಂತಾರಾಷ್ಟ್ರೀಯ ಆಹಾರ ಮಾನದಂಡಗಳನ್ನು ರೂಪಿಸುವ ಕೋಡೆಕ್ಸ್ ಆಯೋಗವು 2014ರಲ್ಲಿ ಪಾಲಿಶ್ ಅಕ್ಕಿಗೆ ಕಿಲೋಗೆ 0.2 ಮಿಲಿಗ್ರಾಂ ಎಂದೂ, 2016ರಲ್ಲಿ ಹೊಟ್ಟು ಮಾತ್ರ ತೆಗೆದ ಅಕ್ಕಿಗೆ 0.35 ಮಿಲಿಗ್ರಾಂ ಎಂದೂ ಬೇರೆ ಬೇರೆ ಮಿತಿ ಇಟ್ಟಿತು.

ಆದರೆ ಅಕ್ಕಿಯಿಂದ ಹೋದದ್ದು ಎಲ್ಲಿಗೂ ಮಾಯವಾಗಿಲ್ಲ, ತೌಡಿನಲ್ಲಿದೆ, ಅದೂ ಪಾಲಿಶ್ ಅಕ್ಕಿಯಲ್ಲಿರುವುದಕ್ಕಿಂತ ಹಲವು ಪಟ್ಟು ದಟ್ಟವಾಗಿ. ಆ ತೌಡನ್ನೇ ಪುಡಿಮಾಡಿ 'ಸಂಪೂರ್ಣ ಪೋಷಣೆ' ಎಂದು ಡಬ್ಬಿಯಲ್ಲಿ ಮಾರುವವರ ಬಗ್ಗೆ ನನಗೆ ಸಹನೆ ಇಲ್ಲ. ಪರೀಕ್ಷಾ ವರದಿ ತೋರಿಸದ ತೌಡಿನ ಪುಡಿಯನ್ನು ಗರ್ಭಿಣಿಯರಿಗೂ ಮಕ್ಕಳಿಗೂ ಕೊಡಲೇಬೇಡಿ.

ಕುಸುಬಲಕ್ಕಿಯ ಲೆಕ್ಕ ಬೇರೆ. ಭತ್ತವನ್ನು ನೆನೆಸಿ ಹಬೆಯಲ್ಲಿ ಬೇಯಿಸುವಾಗ ಹೊರಪದರದಲ್ಲಿ ಕರಗುವಂಥದ್ದೆಲ್ಲ ಕಾಳಿನ ಒಳಕ್ಕೆ ಸರಿಯುತ್ತದೆ. ಬಿ1 ಜೀವಸತ್ವ ಉಳಿಯುವುದು ಹೀಗೆಯೇ, ಆರ್ಸೆನಿಕ್ ಒಳಸೇರುವುದೂ ಹೀಗೆಯೇ. ಆಮೇಲೆ ಪಾಲಿಶ್ ಮಾಡಿದರೂ ಅಷ್ಟು ಪ್ರಯೋಜನವಿಲ್ಲ. ಐರೋಪ್ಯ ಒಕ್ಕೂಟವು 2023ರಲ್ಲಿ ಪಾಲಿಶ್ ಅಕ್ಕಿಯ ಮಿತಿಯನ್ನು 0.15ಕ್ಕೆ ಇಳಿಸಿದಾಗಲೂ ಕುಸುಬಲಕ್ಕಿಗೆ 0.25 ಇಟ್ಟಿದೆ. ನೆನೆಸುವ ನೀರೇ ಕಲುಷಿತವಾಗಿದ್ದರೆ ಗಿರಣಿಯೇ ಅಕ್ಕಿಗೆ ಆರ್ಸೆನಿಕ್ ಸೇರಿಸಿದಂತಾಗುತ್ತದೆ.

ಬಗೆಬಗೆಯ ಧಾನ್ಯ ತಿನ್ನುವ ವಯಸ್ಕರು ಪಾಲಿಶ್ ಮಾಡದ ಅಕ್ಕಿಯನ್ನು ಬಿಡಬೇಕಿಲ್ಲ. ಮೂರು ಹೊತ್ತೂ ಅದನ್ನೇ ತಿನ್ನುವವರು ಮಾತ್ರ ಅಕ್ಕಿಯ ಆರರಿಂದ ಹತ್ತು ಪಟ್ಟು ನೀರಿನಲ್ಲಿ ಬೇಯಿಸಿ, ಗಂಜಿಯನ್ನು ಪೂರ್ತಿ ಬಸಿದು ಚೆಲ್ಲಲಿ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ ಪ್ರಕಾರ ಇದರಿಂದ ಅಜೈವಿಕ ಆರ್ಸೆನಿಕ್ ಶೇ. 40ರಿಂದ 60ರಷ್ಟು ಇಳಿಯುತ್ತದೆ, ಕೆಲವು ಜೀವಸತ್ವಗಳೂ ಜೊತೆಗೆ ಹೋಗುತ್ತವೆ. ಆದರೆ ನಿಮ್ಮ ನೀರಿನಲ್ಲಿ ಲೀಟರಿಗೆ 10 ಮೈಕ್ರೋಗ್ರಾಂ ಎಂಬ ವಿಶ್ವ ಆರೋಗ್ಯ ಸಂಸ್ಥೆಯ ಮಟ್ಟಕ್ಕಿಂತ ಹೆಚ್ಚು ಆರ್ಸೆನಿಕ್ ಇದ್ದರೆ ಈ ಕ್ರಮ ತಿರುಗುಬಾಣವಾದೀತು; ಮೊದಲು ನೀರು ಪರೀಕ್ಷಿಸಿ.

ಪ್ರಶ್ನೆ: ಮೂರು ಸಲ ತೊಳೆದರೆ ಸಾಲದೇ?

ಉತ್ತರ: ಸಾಲದು.

ಪ್ರಶ್ನೆ: ಪ್ರೆಶರ್ ಕುಕ್ಕರಿನ ಬಿಸಿಗೆ ಅದು ನಾಶವಾಗುವುದಿಲ್ಲವೇ?

ಉತ್ತರ: ಆರ್ಸೆನಿಕ್ ಮೂಲಧಾತು, ಕೀಟಾಣುವಲ್ಲ. ನೀರು ಬಸಿಯದಿದ್ದರೆ ಇದ್ದದ್ದೆಲ್ಲ ಅನ್ನದಲ್ಲೇ ಉಳಿಯುತ್ತದೆ.

ಪ್ರಶ್ನೆ: ಸಾವಯವ ಅಕ್ಕಿ ಸುರಕ್ಷಿತವಲ್ಲವೇ?

ಉತ್ತರ: ನೀರು ನಿಂತ ಗದ್ದೆಯ ಮಣ್ಣಿನಲ್ಲಿ ಗಾಳಿಯಾಡದಿದ್ದಾಗ, ಕಬ್ಬಿಣದ ಆಕ್ಸೈಡುಗಳು ಹಿಡಿದಿಟ್ಟುಕೊಂಡಿದ್ದ ಆರ್ಸೆನಿಕ್ ಬಿಡುಗಡೆಯಾಗಿ ಬೇರಿಗೆ ಸೇರುತ್ತದೆ. ಗೊಬ್ಬರ ಯಾವುದೆಂದು ಅದು ಕೇಳುವುದಿಲ್ಲ.

ಪ್ರಶ್ನೆ: ದೇಹದಲ್ಲಿ ಸೇರಿದ ಆರ್ಸೆನಿಕ್ಕನ್ನು ತೆಗೆಯುವ ಚೂರ್ಣವೊಂದನ್ನು ಹೇಳಿ.

ಉತ್ತರ: ಹೇಳುವುದಿಲ್ಲ. ಒಳಹೋದ ಅಜೈವಿಕ ಆರ್ಸೆನಿಕ್ಕಿನ ಹೆಚ್ಚಿನ ಪಾಲು ಕೆಲವೇ ದಿನಗಳಲ್ಲಿ ಮೂತ್ರದ ಮೂಲಕ ಹೋಗುತ್ತದೆ, ಚೂರ್ಣದವನು ಆ ಕೀರ್ತಿಯನ್ನು ತಾನು ಪಡೆಯುತ್ತಾನೆ. ಅನುಮಾನವಿದ್ದರೆ ವೈದ್ಯರ ಸಲಹೆಯಂತೆ ಮೂತ್ರ ಪರೀಕ್ಷೆ ಮಾಡಿಸಿ. ಅದಕ್ಕೆ ಮುಂಚಿನ ಕೆಲವು ದಿನ ಮೀನು, ಸೀಗಡಿ ಮುಟ್ಟಬೇಡಿ, ಅವುಗಳಲ್ಲಿರುವ ಬಹುಮಟ್ಟಿಗೆ ನಿರುಪದ್ರವಿಯಾದ, ಇಂಗಾಲದೊಂದಿಗೆ ಬೆಸೆದ ಆರ್ಸೆನಿಕ್ ಫಲಿತಾಂಶವನ್ನು ಸುಮ್ಮನೆ ಏರಿಸಿಬಿಡುತ್ತದೆ.